ಹನ್ನೊಂದೂವರೆಯ ಬಸ್ಸಿನ ಅತಿಥಿ

ಮಾರ್ಚ್ 4

ಪ್ರಭುವಿನಲ್ಲಿ ಪ್ರಿಯ ಸಹೋದರರಿಗೆ ವಂದನೆಗಳು.

ಸುಖವಾಗಿ ಊರು ತಲುಪಿದಿರೆಂದು ನಂಬಿದ್ದೇನೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತೇ? ಕಟ್ಟಿಕೊಟ್ಟ ಬ್ರೆಡ್ಡು, ಮೊಟ್ಟೆ ದಾರಿಯಲ್ಲಿ ತಿಂದಿರೋ, ಇಲ್ಲ ಸಂಕೋಚಪಟ್ಟುಕೊಂಡು ಹಾಗೇ ಮನೆಗೆ ಒಯ್ದಿರೋ? ನಿಮ್ಮ ಸಂಕೋಚ ನೋಡಿದರೆ ನನಗೆ ಎರಡನೆಯದೇ ಅನುಮಾನ.

ನಮ್ಮ ಮಹಡಿ ಕೋಣೆಯಲ್ಲಿ ಉಳಿದುಹೋದ ಪ್ರತಿಯೊಬ್ಬರಿಗೂ ನಾನೊಂದು ಪತ್ರ ಹಾಕುತ್ತೇನೆ. ಇಪ್ಪತ್ತೆಂಟು ವರ್ಷದ ರೂಢಿ. ಅತಿಥಿ ಪುಸ್ತಕದಲ್ಲಿ ನೀವು ಬರೆದ ವಿಳಾಸಕ್ಕೇ ಇದು ಬರುತ್ತಿದೆ. ವರ್ಷಕ್ಕೊಮ್ಮೆ ನಮ್ಮ ಸಭೆಯ ಕೂಟ ನಡೆದಾಗ, ಹೊರಗಿನ ಸಭೆಗಳಿಂದ ಬರುವ ಹಿರಿಯರನ್ನು ಮನೆಮನೆಗೆ ಹಂಚಿಕೊಡುವ ಕೆಲಸ ನನ್ನದೆಂದು ಹೇಳಿದ್ದೆನಲ್ಲ. ಒಬ್ಬರನ್ನು ನನ್ನ ಪಾಲಿಗೆ ಇಟ್ಟುಕೊಳ್ಳುತ್ತೇನೆ. ಈ ಸಲದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಿರಿಯರು, ಒಬ್ಬರು, ಹನ್ನೊಂದೂವರೆಯ ಬಸ್ಸು. ಆದರೂ ಬಸ್ ನಿಲ್ದಾಣದಲ್ಲಿ ಕಂಡ ಕೂಡಲೇ ನಿಮ್ಮ ಗುರುತು ಹಿಡಿದೆ. ಯಾರನ್ನೂ ಕೇಳಬೇಕಾಗಲೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಪೆಟ್ಟಿಗೆ, ಇನ್ನಾರಿರಲು ಸಾಧ್ಯ?

ಕೂಟದ ಮೂರು ದಿನವೂ ನೀವು ಬೆಳಿಗ್ಗೆಯೇ ಚರ್ಚಿನ ಗೋಪುರ ಹತ್ತಿ ಏಕಾಂತದಲ್ಲಿ ಪ್ರಾರ್ಥಿಸುತ್ತಿದ್ದಿರಿ ಎಂದು ಕಂಡಕಂಡವರ ಬಳಿ ಹೇಳಿಕೊಂಡು ತಿರುಗಿದೆ. ಪಕ್ಕದ ಮನೆಯವಳ ಅತಿಥಿ ಮೂರು ದಿನವೂ ಬೆಂಚಿನ ಮೇಲೆ ತೂಕಡಿಸಿದರು. ಅವಳ ಮುಖ ನೋಡಬೇಕಿತ್ತು!

ನಿಂತುಹೋಗಿದ್ದ ಅಡುಗೆಮನೆಯ ಗಡಿಯಾರಕ್ಕೆ ನೀವು ಕೈಯಾಡಿಸಿದಿರಿ, ಅದು ಇನ್ನೂ ನಡೆಯುತ್ತಿದೆ. ನಮ್ಮ ಯಜಮಾನರು ದಿನಕ್ಕೆ ಹತ್ತು ಸಲ ಅದನ್ನು ನೋಡಿ, “ಊಟಕ್ಕೆ ಹೊತ್ತಾಯ್ತು ಅಂತ ಈಗ ಸಾಕ್ಷಿ ಇದೆ” ಎನ್ನುತ್ತಾರೆ. ನಿಮ್ಮಂಥ ಅತಿಥಿಯನ್ನು ಕಳಿಸಿದ ದೇವರಿಗೆ ಸ್ತೋತ್ರ. ನಿಮ್ಮ ಸಭೆಯ ಹನ್ನೆರಡು ಕುಟುಂಬಗಳಿಗೂ ನಮ್ಮ ವಂದನೆ ತಿಳಿಸಿ.

ಎಲ್ಲರೂ ಕರೆಯುವಂತೆ,
ಮಹಡಿ ಕೋಣೆಯ ಅಕ್ಕ


ಮಾರ್ಚ್ 12

ಅಕ್ಕನವರಿಗೆ ನಮಸ್ಕಾರಗಳು.

ಹನ್ನೆರಡು ಕುಟುಂಬಗಳಿಗೆ ನಿಮ್ಮ ವಂದನೆ ತಿಳಿಸಲು ನನ್ನಿಂದಾಗಲಿಲ್ಲ. ಆ ಹನ್ನೆರಡು ಕುಟುಂಬಗಳು ಎಲ್ಲೂ ಇಲ್ಲ. ನಾನು ಸಭೆಯ ಹಿರಿಯನೂ ಅಲ್ಲ, ಕಿರಿಯನೂ ಅಲ್ಲ. ಗಡಿಯಾರ ರಿಪೇರಿ ಮಾಡುವವನು.

ನಿಮ್ಮ ಚರ್ಚಿನ ಗೋಪುರದ ಗಡಿಯಾರ ಕೆಟ್ಟಿದೆ, ಬಂದು ನೋಡಿ ಎಂದು ನಿಮ್ಮ ಪಾದ್ರಿ ಅಯ್ಯನವರು ಫೋನ್ ಮಾಡಿದ್ದರು. ಹನ್ನೊಂದೂವರೆಯ ಬಸ್ಸಿನಲ್ಲಿ ಇಳಿದೆ. ದಾರಿ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನೀವು ಬಂದು ನನ್ನ ಪೆಟ್ಟಿಗೆಗೆ ಕೈಹಾಕಿ, “ಬನ್ನಿ ಬನ್ನಿ, ಹಸಿದಿರ್ತೀರಿ” ಎಂದಿರಿ. ಉಳಿಯುವ ವ್ಯವಸ್ಥೆ ಚರ್ಚಿನವರೇ ಮಾಡಿದ್ದಾರೆಂದುಕೊಂಡೆ. ದೇವರಾಣೆಗೂ ಮಧ್ಯಾಹ್ನದವರೆಗೆ ಹಾಗೇ ಅಂದುಕೊಂಡಿದ್ದೆ.

ಊಟಕ್ಕೆ ಕೂತಾಗ ನೀವು, “ನಿಮ್ಮ ಸಭೇಲಿ ಎಷ್ಟು ಕುಟುಂಬ?” ಎಂದು ಕೇಳಿದಿರಿ. ಆಗ ಗೊತ್ತಾಯಿತು. ಅಲ್ಲೇ ಎದ್ದು ಹೇಳಬೇಕಿತ್ತು. ಆದರೆ ತಟ್ಟೆಯಲ್ಲಿ ಬಿಸಿ ಊಟವಿತ್ತು. ನನ್ನ ಎದುರು ಒಬ್ಬರು, ಪಕ್ಕದಲ್ಲಿ ಒಬ್ಬರು ಕೂತಿದ್ದರು. ನನ್ನ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ನಾನು ಗೋಡೆಗೆ ಮುಖಮಾಡಿ ಉಣ್ಣುತ್ತೇನೆ, ಮೇಜು ಇರುವುದೇ ಹಾಗೆ. “ಹನ್ನೆರಡು” ಎಂದುಬಿಟ್ಟೆ. ಆಮೇಲೆ ಸುಳ್ಳು ಬಿಚ್ಚಲು ಬಾಯಿ ಬರಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ನನಗಾಗಿ ಮಂಚ ಹಾಕಿಸಿದ್ದ ಅಯ್ಯನವರಿಗೂ, “ಬೇರೆ ಜಾಗ ಸಿಕ್ಕಿದೆ” ಎಂದು ಹೇಳಿ ತಪ್ಪಿಸಿಕೊಂಡೆ.

ಗೋಪುರದಲ್ಲಿ ನಾನು ಪ್ರಾರ್ಥಿಸಲಿಲ್ಲ, ಅಕ್ಕ. ಹಲ್ಲಿನ ಚಕ್ರಗಳಿಗೆ ಎಣ್ಣೆ ಹಾಕುತ್ತಿದ್ದೆ. ಕೆಳಗಿನಿಂದ ನಿಮ್ಮೆಲ್ಲರ ಹಾಡು ಹಲಗೆಗಳ ಸಂದಿನಲ್ಲಿ ಮೇಲಕ್ಕೆ ಬರುತ್ತಿತ್ತು. ಹಾಡು ಮುಗಿಯುವವರೆಗೆ ಕೈ ನಿಲ್ಲಿಸಿ ಕೂರುತ್ತಿದ್ದೆ. ಹೆಂಡತಿ ಹೋದ ಮೇಲೆ ನಾನು ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ.

ಬೇರೊಬ್ಬರ ಊಟ ತಿಂದಿದ್ದೇನೆ, ಬೇರೊಬ್ಬರ ಹಾಸಿಗೆಯಲ್ಲಿ ಮಲಗಿದ್ದೇನೆ. ಕ್ಷಮಿಸಿ. ಬ್ರೆಡ್ಡು, ಮೊಟ್ಟೆ ಬಸ್ಸಿನಲ್ಲೇ ತಿಂದೆ. ಅಷ್ಟರಲ್ಲಿ ಸಂಕೋಚ ಬಿಟ್ಟುಹೋಗಿತ್ತು.

ಗಡಿಯಾರದವನು


ಮಾರ್ಚ್ 20

ಗಡಿಯಾರ ರಿಪೇರಿಯವರಿಗೆ,

ನಿಮ್ಮ ಪತ್ರ ತಲುಪಿತು. ನಿಜವಾಗಿ ಬರಬೇಕಾಗಿದ್ದ ಹಿರಿಯರು ಅದೇ ಬಸ್ಸಿನಲ್ಲಿ ಬಂದಿದ್ದರು. ಸಂಜೆ ನಾಲ್ಕರವರೆಗೆ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದು, ವಾಪಸ್ ಹೋದರಂತೆ. ಅವರ ಸಭೆಯವರು ಈಗ ಪತ್ರ ಬರೆದು ವಿಚಾರಿಸಿದ್ದಾರೆ. ನಡೆದದ್ದು ಅಚಾತುರ್ಯ ಎಂದು ಅಯ್ಯನವರು ಉತ್ತರ ಕೊಟ್ಟಿದ್ದಾರೆ.

ಈ ವಿಷಯ ಇಲ್ಲಿಗೆ ಬಿಡೋಣ.

ಇಂತಿ


ಏಪ್ರಿಲ್ 3

ಅಕ್ಕನವರಿಗೆ,

ಬಿಡೋಣ ಎಂದಿರಿ. ನನ್ನಿಂದ ಬಿಡಲಾಗುತ್ತಿಲ್ಲ. ನಿಮ್ಮ ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ! ಸಿಟ್ಟು ಬರುವುದು ನ್ಯಾಯವೇ. ನನ್ನಿಂದಾಗಿ ನಿಮ್ಮ ಹೆಸರಿಗೆ ಮಸಿ ಬಳಿದಂತಾಯಿತು. ಇಪ್ಪತ್ತೆಂಟು ವರ್ಷ ಯಾರನ್ನೂ ಬರಿಗೈಲಿ ಕಳಿಸದ ಮನೆಗೆ ಬರಬೇಕಾದವರೊಬ್ಬರು ಹಸಿದು ಹೋದರಲ್ಲ ಎಂದು ನೀವು ನೊಂದಿರುತ್ತೀರಿ.

ಇದರ ಜೊತೆ ಒಂದು ಪಾರ್ಸೆಲ್ ಇದೆ. ಮೇಜಿನ ಗಡಿಯಾರ, ಹಳೆಯದು, ನಾನೇ ಬಿಚ್ಚಿ ಜೋಡಿಸಿದ್ದು. ಮಹಡಿ ಕೋಣೆಯಲ್ಲಿ ಗಡಿಯಾರ ಇರಲಿಲ್ಲ. ಮುಂದೆ ಬರುವ ಅತಿಥಿಗಳಿಗೆ ಅನುಕೂಲವಾಗಲಿ.

ಇನ್ನೊಂದು ಬೇಡಿಕೆ. ಆ ಹಿರಿಯರ ವಿಳಾಸ ಕೊಡಿ. ಅವರ ಪಾಲಿನ ಊಟ ತಿಂದವನು ನಾನು, ಒಮ್ಮೆ ಮುಖತಃ ಹೋಗಿ ಹೇಳಿ ಬರುತ್ತೇನೆ.

ಗಡಿಯಾರದವನು


ಏಪ್ರಿಲ್ 17

ಗಡಿಯಾರ ರಿಪೇರಿಯವರಿಗೆ,

ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ. ಗಡಿಯಾರವನ್ನು ವಾಪಸ್ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡಿ. ನನಗೆ ಅದನ್ನು ಇಟ್ಟುಕೊಳ್ಳಲು ಆಗುವುದಿಲ್ಲ.

ಇಂತಿ

(ನಾನು ಯಜಮಾನ ಬರೆಯುತ್ತಿರುವುದು. ಅಂಚೆಗೆ ಹಾಕಲು ಕೊಟ್ಟಳು, ದಾರಿಯಲ್ಲಿ ಎರಡು ಸಾಲು ಸೇರಿಸುತ್ತಿದ್ದೇನೆ. ಅವಳು ಮಹಡಿ ಕೋಣೆಗೆ ಬೀಗ ಹಾಕಿದ್ದಾಳೆ. ಅತಿಥಿಗಳ ಕೆಲಸವನ್ನೂ ಬಿಟ್ಟಳು. ಅಯ್ಯನವರು ಬೇಡವೆಂದರೂ ಕೇಳಲಿಲ್ಲ. ಸಿಟ್ಟು ನಿಮ್ಮ ಮೇಲಲ್ಲ, ಅಷ್ಟು ಬಲ್ಲೆ. ಯಾರ ಮೇಲೆ ಎಂದು ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ. ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆ.)


ಮೇ 25

ಅಕ್ಕನವರಿಗೆ,

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವರು ಮಗಳ ಮನೆಯಲ್ಲಿದ್ದಾರೆ. ಮೊದಲು ಬಟ್ಟೆ ತೊಳೆಯುವ ದೊಡ್ಡ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರಂತೆ, ಬೀದಿಯ ಮಕ್ಕಳೆಲ್ಲ ಬಾಯ್ಲರ್ ತಾತ ಎನ್ನುತ್ತಾರೆ. ಒಂದು ದಿನ ಬಿಸಿ ಹಬೆ ಮುಖಕ್ಕೆ ಹೊಡೆದು ಎಡಭಾಗವೆಲ್ಲ ಸುಟ್ಟಿದೆ. ಚರ್ಮ ಎಳೆದುಕೊಂಡು ಕಣ್ಣು ಅರ್ಧ ಮುಚ್ಚಿದೆ, ಎಡಗಿವಿ ಇಲ್ಲವೆಂದೇ ಹೇಳಬೇಕು. ಬಾಗಿಲು ತೆರೆದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ನೋಡಿಯೂ ನೋಡದವರ ಹಾಗೆ, “ಒಳಗೆ ಬಾಪ್ಪ, ಬಿಸಿಲು” ಎಂದರು.

ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ನೀನೇನಾ ಆ ಚರ್ಮದ ಪೆಟ್ಟಿಗೆ?” ಎಂದು ನಕ್ಕರು. “ನನ್ನ ಹಿಂದೇನೇ ಇಳಿದೆಯಲ್ಲ. ಆಯಮ್ಮ ಸ್ವಾಗತ ಅಂತ ಬರೆದ ರಟ್ಟು ಹಿಡ್ಕೊಂಡಿದ್ರು. ನನ್ನನ್ನ ನೋಡಿದ್ರು. ಆಮೇಲೆ ನಿನ್ನನ್ನ ನೋಡಿದ್ರು.”

ನನಗೆ ಎಲ್ಲಿಲ್ಲದ ಕೋಪ ಬಂತು, ಅಕ್ಕ. ಅವರ ಮನೆಯಲ್ಲೇ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ ಅವರ ಜೊತೆ ವಾದಕ್ಕಿಳಿದೆ. “ನಿಮಗೆ ಆಯಮ್ಮ ಗೊತ್ತಿಲ್ಲ. ಅಂಥ ಜನ ಅಲ್ಲ. ನೋಡಿದ್ರೆ ಬಿಟ್ಟು ಹೋಗ್ತಿರಲಿಲ್ಲ. ನೋಡೇ ಇಲ್ಲ, ನಾನು ಆಣೆ ಮಾಡಿ ಹೇಳ್ತೀನಿ” ಎಂದೆ. ಅವರು, “ಹಾಗಾದ್ರೆ ಹಾಗೇ ಇರಲಿ, ಬಿಸ್ಕತ್ತು ತಗೋ” ಎಂದರು. ನಂಬಲಿಲ್ಲವೆಂದು ಕಾಣುತ್ತದೆ. ನೀವೇ ಒಂದು ಸಾಲು ಬರೆದರೆ ಅವರ ಮನಸ್ಸು ಹಗುರವಾಗುತ್ತದೆ. ಪಾಪ, ಮುಖದಿಂದಾಗಿ ಎಷ್ಟು ಕಡೆ ಏನೇನು ಕಂಡಿದ್ದಾರೋ, ಎಲ್ಲರನ್ನೂ ಹಾಗೇ ಅಂದುಕೊಂಡುಬಿಟ್ಟಿದ್ದಾರೆ.

ಹೊರಡುವಾಗ ಬಾಯಿತಪ್ಪಿ, “ಒಂದ್ಸಲ ನಮ್ಮ ಮನೆಗೆ ಬನ್ನಿ” ಎಂದೆ. ಬಾಯಿಮಾತಿಗೆ ಅಂದದ್ದು. ಮನುಷ್ಯ ಮುಂದಿನ ಶನಿವಾರ ಬಂದೇಬಿಟ್ಟರು!

ನನ್ನ ಮನೆ ಎಂದರೆ ಅಂಗಡಿಯ ಮೇಲಿನ ಒಂದೇ ಕೋಣೆ. ಅಲ್ಲೂ ಗೋಡೆ ತುಂಬ ರಿಪೇರಿಯ ಗಡಿಯಾರಗಳು. ಗೋಡೆಗೆ ಅಂಟಿದ್ದ ಮೇಜನ್ನು ಎಳೆದು ನಡುವೆ ಹಾಕಿದೆ, ಹಿಂದೆ ಹನ್ನೊಂದು ವರ್ಷದ ಕಸ. ನೀವು ಮಾಡಿದ್ದನ್ನೆಲ್ಲ ನೆನಪು ಮಾಡಿಕೊಂಡು ಹಾಗೇ ಮಾಡಿದೆ. ದಿಂಬು ಎರಡು, ತಲೆಯ ಹತ್ತಿರ ನೀರಿನ ಹೂಜಿ, ಹೊದಿಕೆಯ ತುದಿ ಮಡಚಿದ್ದು. ಅನ್ನ ಮುದ್ದೆಯಾಯಿತು. ಅವರು ಎರಡು ಸಲ ಹಾಕಿಸಿಕೊಂಡರು. “ಈ ಟಿಕ್ ಟಿಕ್‌ನಲ್ಲಿ ನಿದ್ದೆ ಬರುತ್ತಾ?” ಎಂದು ಕೇಳಿದರೆ, “ಎಡಗಿವಿ ಹೋಗಿದೆ, ಬಲಗಿವೀನ ದಿಂಬಿಗೆ ಒತ್ತಿ ಮಲಗ್ತೀನಿ. ದೇವರು ಎಲ್ಲಾದಕ್ಕೂ ಏನಾದ್ರೂ ಒಂದು ದಾರಿ ಇಟ್ಟಿರ್ತಾನೆ” ಎಂದರು.

ಭಾನುವಾರ ಬೆಳಿಗ್ಗೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಚರ್ಚು ಯಾವ ಕಡೆ?” ಎಂದರು. ಅತಿಥಿಯನ್ನು ಒಬ್ಬರನ್ನೇ ಕಳಿಸುವುದು ಹೇಗೆ? ಜೊತೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತೆವು. ಹೆಂಡತಿ ಹೋದಾಗ ಸಭೆಯವರು ಕೆಲವು ವಾರ ಬಂದು ಬಾಗಿಲು ಬಡಿದರು, ನಾನು ತೆಗೆಯಲಿಲ್ಲ, ಆಮೇಲೆ ಅವರು ಬರುವುದನ್ನು ಬಿಟ್ಟರು. ಅಂದು ಅದೇ ಸಭೆಯವರು ಬಂದು ನನ್ನ ಕೈ ಹಿಡಿದುಕೊಂಡರು. ಯಾರೂ ಏನನ್ನೂ ಕೇಳಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಇದೆಲ್ಲ ನಿಮ್ಮ ಮನೆಯ ಮೂರು ದಿನದಿಂದ ಆದದ್ದು. ನೀವು ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಿ. ನಾನು ಮಾತ್ರ ದಿನವೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಗಡಿಯಾರದವನು


ಜೂನ್ 30

ತಮ್ಮಾ,

ನಿನ್ನ ಪತ್ರ ಬಂದು ತಿಂಗಳಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕಿಬಿಡುತ್ತೇನೆ.

ನಿನ್ನ ಆಣೆಯನ್ನು ವಾಪಸ್ ತೆಗೆದುಕೋ. ನಾನು ಅವರನ್ನು ನೋಡಿದೆ.

ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಪಕ್ಕದ ಬೆಂಚು. ಮೊಣಕಾಲ ಮೇಲೆ ಬಟ್ಟೆಯ ಚೀಲ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಅವರ ಕಣ್ಣು ನನ್ನ ಕೈಯ ರಟ್ಟಿನ ಮೇಲಿತ್ತು. ಏಳಲು ಹೊರಟಿದ್ದರು. ಆಗ ಮುಖ ನನ್ನ ಕಡೆ ಪೂರ್ತಿ ತಿರುಗಿತು. ಇವರೇ ಎಂದು ನನಗೆ ಗೊತ್ತಾಯಿತು. ಅನುಮಾನ ಏನೂ ಇರಲಿಲ್ಲ. ಮೂರು ದಿನ ಈ ಮುಖದ ಎದುರು ಕೂತು ಹೇಗೆ ಉಣ್ಣಲಿ ಎಂದು ಅನಿಸಿತು. ಪಕ್ಕದ ಮನೆಯವಳು ಏನೆನ್ನುತ್ತಾಳೋ ಎಂದೂ ಅನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೀನು ಕಣ್ಣಿಗೆ ಬಿದ್ದೆ. ಬರಬೇಕಾದ ಹಿರಿಯರು ಇವರೂ ಆಗಿರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡು ನಿನ್ನ ಪೆಟ್ಟಿಗೆಗೆ ಕೈಹಾಕಿದೆ. ನಿನಗೆ ಬಾಯಿ ಬಿಡಲು ಅವಕಾಶ ಕೊಡದಿದ್ದದ್ದು ಅದಕ್ಕೇ. ಮನೆ ಮುಟ್ಟುವಷ್ಟರಲ್ಲಿ ನಾನೇ ನಂಬಿಬಿಟ್ಟಿದ್ದೆ. ಮನಸ್ಸು ಎಷ್ಟು ಬೇಗ ತನಗೆ ಬೇಕಾದದ್ದನ್ನು ನಂಬುತ್ತದೆ ನೋಡು.

ನಿನ್ನ ತಪ್ಪೊಪ್ಪಿಗೆ ಬಂದ ದಿನ ಒಲೆಯ ಮುಂದೆ ನಿಂತು ಓದಿದೆ. ನೀನು ಹನ್ನೆರಡು ಕುಟುಂಬದ ಸುಳ್ಳಿಗೆ ಕ್ಷಮೆ ಕೇಳಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಯಾದವರು ಬಿಗಿಯಾಗುತ್ತಾರೆ. ಅದಕ್ಕೇ ಹಾಗೆ ಬರೆದೆ. ಅಯ್ಯನವರು ಅಚಾತುರ್ಯ ಎಂದರು, ಸಭೆಯವರೆಲ್ಲ ಪಾಪ ಅಕ್ಕ ಎಂದರು, ನಾನು ಸುಮ್ಮನಿದ್ದೆ. ನೀನು ಗಡಿಯಾರ ಕಳಿಸಿದೆ. ಅವರನ್ನು ಬಿಟ್ಟು ನಿನ್ನನ್ನು ಕರೆತಂದದ್ದಕ್ಕೆ ಉಡುಗೊರೆ ತೆಗೆದುಕೊಳ್ಳಲೇ?

ಇಪ್ಪತ್ತೆಂಟು ವರ್ಷ ಜನ ನನ್ನನ್ನು ಹೊಗಳಿದರು. ಬಂದವರೆಲ್ಲ ನೋಡಲು ಚೆನ್ನಾಗಿದ್ದರು, ತಮ್ಮಾ. ಪರೀಕ್ಷೆ ಬಂದದ್ದು ಒಂದೇ ಸಲ.

ಇನ್ನು ನೀನು ಪತ್ರ ಬರೆಯದಿದ್ದರೂ ನನಗೆ ಬೇಸರವಿಲ್ಲ.

ಅಕ್ಕ


ಜುಲೈ 9

ಅಕ್ಕಾ,

ಬರೆಯದೆ ಇರುತ್ತೇನೆಯೇ? ನಿಮ್ಮ ಪತ್ರ ಓದಿ ಎರಡು ದಿನ ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಒಬ್ಬರ ಗಡಿಯಾರದ ಮುಳ್ಳುಗಳನ್ನು ಇನ್ನೊಬ್ಬರದಕ್ಕೆ ಹಾಕಿ ಬೈಸಿಕೊಂಡೆ.

ಸುಳ್ಳು ಹೇಳುವುದಿಲ್ಲ, ನೋವಾಯಿತು. ನಿಮ್ಮ ಮೇಲೆ ದೊಡ್ಡ ಗೌರವ ಇಟ್ಟುಕೊಂಡಿದ್ದೆ. ಆಮೇಲೆ ನೆನಪಾಯಿತು, ಅವರು ಬಾಗಿಲು ತೆರೆದಾಗ ನಾನೂ ಒಂದು ಹೆಜ್ಜೆ ಹಿಂದೆ ಸರಿದವನೇ. ನಾನು ನಿಂತಿದ್ದದ್ದು ಅವರ ಹೊಸ್ತಿಲಲ್ಲಿ, ಓಡಿಹೋಗಲು ಜಾಗವಿರಲಿಲ್ಲ. ನಿಮಗೆ ಜಾಗವಿತ್ತು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬಹಳ ದೊಡ್ಡದೇನಲ್ಲ.

ಇನ್ನೊಂದು ಮಾತು. ನೀವು ಯಾವ ಕಾರಣಕ್ಕಾದರೂ ಕರೆದುಕೊಂಡು ಹೋಗಿರಿ, ನನಗೆ ಬಡಿಸಿದ್ದು ನಿಜವಾದ ಊಟ. ಆ ಮೂರು ದಿನ ನಾನು ಮನುಷ್ಯರ ಜೊತೆ ಕೂತು ಉಂಡೆ. ಅದನ್ನು ನೀವು ಕೊಟ್ಟಿರಿ ಎನ್ನುವುದಕ್ಕಿಂತ ದೇವರು ನಿಮ್ಮ ಕೈಯಿಂದ ಕೊಡಿಸಿದ ಎನ್ನುತ್ತೇನೆ. ಕೈ ಸ್ವಚ್ಛವಾಗಿರಲಿಲ್ಲ ಎಂದು ನೀವು ಹೇಳುತ್ತೀರಿ. ಇರಲಿ. ತಿಂದವನು ಬದುಕಿಕೊಂಡಿದ್ದಾನೆ.

ನಿಮ್ಮ ಪತ್ರವನ್ನು ತಾತನಿಗೆ ತೋರಿಸಿಲ್ಲ. ಅದನ್ನು ಹೇಳಬೇಕಾದವನು ನಾನಲ್ಲ. ಕಾಗದದಲ್ಲೂ ಬೇಡ ಅಕ್ಕ. ಬೀಗ ತೆಗೆಯಿರಿ, ಅವರನ್ನು ಕರೆಯಿರಿ. ನಾನು ಜೊತೆಗೆ ಬರುವುದಿಲ್ಲ. ನಾನು ಬಂದರೆ ನೀವು ಮೂರು ಹೊತ್ತೂ ನನ್ನ ಜೊತೆಯೇ ಮಾತಾಡುತ್ತಾ ಕೂತುಬಿಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ನಿಮ್ಮ ತಮ್ಮ


ಆಗಸ್ಟ್ 16

ತಮ್ಮಾ,

ಕರೆದೆ. ಬಂದರು. ನಿನ್ನೆ ಹೋದರು.

ಪತ್ರ ಬರೆದು ಕರೆದಿದ್ದೆ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. “ಬರುತ್ತೇನೆ, ಅದೇ ಬಸ್ಸು” ಎಂದು ಒಂದು ಸಾಲಿನ ಉತ್ತರ ಬಂತು. ಬೀಗದ ಕೈ ಎಲ್ಲಿಟ್ಟಿದ್ದೆನೋ ಮರೆತುಹೋಗಿತ್ತು. ಮನೆಯೆಲ್ಲ ಜಾಲಾಡಿದೆ. ಕೊನೆಗೆ ನೋಡಿದರೆ ಅದು ಯಜಮಾನರ ಜೇಬಿನಲ್ಲಿತ್ತು. ವಾರಕ್ಕೊಮ್ಮೆ ನನಗೆ ಗೊತ್ತಾಗದಂತೆ ಮೇಲೆ ಹೋಗಿ ಕಿಟಕಿ ತೆಗೆದು ಗಾಳಿಯಾಡಿಸಿ ಬರುತ್ತಿದ್ದರಂತೆ. ನಲವತ್ತು ವರ್ಷ ಸಂಸಾರ ಮಾಡಿಯೂ ಈ ಮನುಷ್ಯ ನನಗೆ ಅರ್ಥವಾಗಿಲ್ಲ.

ಹತ್ತೂವರೆಗೇ ಹೋಗಿ ನಿಲ್ದಾಣದಲ್ಲಿ ನಿಂತೆ. ಅವರು ಇಳಿದ ಕೂಡಲೇ ಹೋಗಿ ಚೀಲಕ್ಕೆ ಕೈಹಾಕಿದೆ. “ಭಾರ ಇಲ್ಲಮ್ಮ, ನಾನೇ ಹಿಡ್ಕೋತೀನಿ” ಎಂದರು. ನಾನು ಬಿಡಲಿಲ್ಲ. ದಾರಿಯಲ್ಲಿ ಪಕ್ಕದ ಮನೆಯವಳು ಗೇಟಿನಲ್ಲಿ ನಿಂತಿದ್ದಳು. “ನಮ್ಮ ಅತಿಥಿ” ಎಂದು ಪರಿಚಯ ಮಾಡಿಸಿದೆ. ಅವಳು, “ಬನ್ನಿ ತಾತ, ಸಂಜೆ ನಮ್ಮನೇಲಿ ಕಾಫಿಗೆ” ಎಂದು ಸಲೀಸಾಗಿ ಕರೆದಳು. ನಾನು ಹೆದರಿದ್ದದ್ದು ಇವಳಿಗೆ!

ಊಟಕ್ಕೆ ತಟ್ಟೆ, ಲೋಟ ಎಲ್ಲ ಸಿದ್ಧವಾಯಿತು. ಮೂವರೂ ಕೂತೆವು. ಪ್ರಾರ್ಥನೆ ಯಾವಾಗಲೂ ನಾನೇ ಮಾಡುವುದು, ನಿನಗೆ ಗೊತ್ತಲ್ಲ. ಕಣ್ಣು ಮುಚ್ಚಿದೆ. ಸ್ತೋತ್ರ ಎನ್ನುವ ಮೊದಲೇ ಕಣ್ಣು ತೆರೆದು ಅವರ ಮುಖವನ್ನೇ ನೋಡಿ ಹೇಳಿದೆ: “ಆವತ್ತು ನಾನು ನಿಮ್ಮನ್ನ ನೋಡಿದ್ದೆ. ನೀವೇ ಅಂತ ಗೊತ್ತಿತ್ತು. ಬೇಕಂತಲೇ ಬಿಟ್ಟು ಹೋದೆ.”

ಯಜಮಾನರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವರಿಗೂ ಅದೇ ಮೊದಲು ಕೇಳಿದ್ದು.

“ಗೊತ್ತಮ್ಮ,” ಎಂದರು ತಾತ.

“ಕೋಪ ಬರಲಿಲ್ವಾ?”

“ಬರದೆ ಏನು? ವಾಪಸ್ ಬಸ್ಸಲ್ಲಿ ಇಡೀ ದಾರಿ ಬೈದಿದ್ದೀನಿ. ನಿಮ್ಮನ್ನೂ ಬೈದೆ, ದೇವರನ್ನೂ ಬೈದೆ. ಮನೇಲಿ ಮಗಳು ‘ಯಾಕಪ್ಪ ಬಂದ್ಬಿಟ್ಟೆ?’ ಅಂದ್ರೆ, ಕರ್ಕೊಂಡು ಹೋಗೋರು ಯಾರೂ ಬರಲಿಲ್ಲ ಅಂದೆ. ಅವಳಿಗೆ ನಿಜ ಹೇಳೋಕೆ ನಾಚಿಕೆ ಆಯ್ತು. ತಪ್ಪು ಮಾಡಿದ್ದು ನೀವು, ನಾಚಿಕೆ ನನಗೆ. ಹಾಗೆಲ್ಲ ಆಗುತ್ತಮ್ಮ.”

ನಾನು ಅಳುತ್ತಿದ್ದೆ. ಕ್ಷಮಿಸಿ ಎಂದೆನೋ ಇಲ್ಲವೋ ಗೊತ್ತಿಲ್ಲ. ಎಂದಿರಬೇಕು.

“ಆಮೇಲೆ ನಿಮ್ಮ ಗಡಿಯಾರದವನು ಬಂದ,” ಎಂದರು. “ನನ್ನ ಮನೇಲೇ ಕೂತು ನಿಮ್ಮ ಪರ ಜಗಳ ಆಡಿದ. ಒಬ್ಬ ಮನುಷ್ಯ ಮೂರು ದಿನದ ಊಟಕ್ಕೆ ಇಷ್ಟು ನಿಯತ್ತು ಇಟ್ಕೊಂಡಿದ್ದಾನೆ ಅಂದ್ರೆ ಆ ಮನೇಲಿ ಏನೋ ಒಳ್ಳೇದು ಇರಬೇಕು ಅನ್ನಿಸ್ತು. ಅವನು ಸಿಕ್ಕಿದ, ನನಗೆ ಈ ವಯಸ್ಸಲ್ಲಿ ಒಬ್ಬ ಸ್ನೇಹಿತ ಆದ. ಹಾಗಂತ ನೀವು ಮಾಡಿದ್ದು ಸರಿ ಅಂತಲ್ಲ. ಸರಿ ಅಲ್ಲ. ನಾನು ಕ್ಷಮಿಸಿದ್ದೀನಿ, ಅದು ಬೇರೆ.” ತಟ್ಟೆಯ ಕಡೆ ನೋಡಿ, “ಪ್ರಾರ್ಥನೆ ಮಾಡಿ, ಊಟ ಆರಿಹೋಗ್ತಿದೆ” ಎಂದರು.

ನನ್ನಿಂದಾಗಲಿಲ್ಲ. ಯಜಮಾನರ ಕಡೆ ನೋಡಿದೆ, ಅವರೂ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ತಾತನೇ ಕೈಮುಗಿದು, ಸುಟ್ಟ ಕಣ್ಣನ್ನೂ ಚೆನ್ನಾಗಿದ್ದ ಕಣ್ಣನ್ನೂ ಮುಚ್ಚಿ ಪ್ರಾರ್ಥಿಸಿದರು. “ತಂದೆಯೇ, ನನ್ನನ್ನ ಈ ಮನೆಗೆ ಕರ್ಕೊಂಡು ಬಂದಿದ್ದಕ್ಕೆ ಸ್ತೋತ್ರ. ಸ್ವಲ್ಪ ತಡ ಆಯ್ತು, ಪರವಾಗಿಲ್ಲ. ಆಮೆನ್.”

ಆಮೇಲೆ ಮೂವರೂ ಹೊಟ್ಟೆ ತುಂಬ ಊಟ ಮಾಡಿದೆವು.

ಅಕ್ಕ